ಗಾಯರಾಣದಲ್ಲಿ ಹೆಜ್ಜೆ ಎಣಿಸಿದವರು

ಹೋದ ಶ್ರಾವಣದಲ್ಲಿ ಕಲಬುರಗಿಯ ಡಾಕ್ಟರು ನನ್ನ ರಕ್ತಪರೀಕ್ಷೆಯ ಕಾಗದ ನೋಡಿ, "ಟೀಚರ್, ಸಕ್ಕರಿ ಬಂದದ ನಿಮಗ. ಇನ್ನ ಮ್ಯಾಲ ದಿನಾ ನಡೀಬೇಕು" ಎಂದರು. ಎಷ್ಟು ನಡೆಯಬೇಕು ಎಂದು ಕೇಳಿದೆ. "ಎಣಿಸ್ಕೋತ ನಡೀರಿ. ಇಲ್ಲಂದ್ರ ಮಂದಿ ತಮಗ ತಾವೇ ಮೋಸ ಮಾಡ್ಕೋತಾರ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎಣಿಸುತ್ತಾ ನಡೆಯುವುದು ಎಂದ ಕೂಡಲೇ ಹುಣಸೆ ಬೀಜ ನೆನಪಾಯಿತು. ಮನೆಗೆ ಬಂದು ಅಡಿಗೆಮನೆಯ ಡಬ್ಬಿ ತಡಕಿ ಮೂವತ್ತು ಬೀಜ ಆರಿಸಿ ಒರೆಸಿ ಇಟ್ಟುಕೊಂಡೆ. ಸೊಸೆ ನೋಡಿದಳು, ಏನೂ ಕೇಳಲಿಲ್ಲ. ಮುದುಕಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಅದೇ ತಿಂಗಳು ತಮ್ಮನ ಮೊಮ್ಮಗಳ ತೊಟ್ಟಿಲಿಗೆ ತವರೂರು ಸೇಡಮಿಗೆ ಹೋಗುವುದಿತ್ತು. ಬೆಳಿಗ್ಗೆ ಎದ್ದು ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಕಮಲಾವತಿ ಹೊಳೆಯ ಕಡೆ ಹೊರಟೆ. ಹೊಳೆ ದಾಟಿ ದಿಬ್ಬ ಹತ್ತುವಷ್ಟರಲ್ಲಿ ತಂತಿಬೇಲಿ ಅಡ್ಡ ಬಂತು. ಬೇಲಿಯ ಒಳಗೆ ನೆಲವೇ ಇಲ್ಲ, ದೊಡ್ಡ ತಗ್ಗು, ತಳದಲ್ಲಿ ಹಸಿರು ನೀರು. ಬೇಲಿಯ ಹೊರಗೆ ಮಾತ್ರ ಒಂದು ಮಾರು ಅಗಲದ ನೆಲ ಉಳಿದಿತ್ತು. ಅದರ ಮೇಲೆ ಕರಡದ ಹುಲ್ಲು, ರಾತ್ರಿಯ ಮಳೆಗೆ ನೆನೆದು ಆ ಹಳೆಯ ವಾಸನೆ ಬಿಡುತ್ತಿತ್ತು. ಹಸಿ ಹುಲ್ಲು, ಎಮ್ಮೆಯ ಮೈ, ಕಪ್ಪು ಮಣ್ಣು ಮೂರೂ ಸೇರಿದ ವಾಸನೆ. ನಾನು ಅಲ್ಲೇ ಬೇಲಿ ಹಿಡಿದುಕೊಂಡು ನಿಂತೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತು. ನಮ್ಮ ಶಾಲೆಯ ಬೋರ್ಡಿನ ಮೇಲೆ ಇನ್ನೂ ಮೈಸೂರು ಸರಕಾರ ಎಂದೇ ಇತ್ತು. ಬಣ್ಣ ಬಳಿಯುವವನು ಬಂದಿರಲಿಲ್ಲ. ನಾನು ಆ ಶಾಲೆಗೆ ಹೊಸ ಟೀಚರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಅವ್ವ ನಾಲ್ಕು ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ, ನನ್ನನ್ನು ಓದಿಸಿ ಟೀಚರು ಮಾಡಿದ್ದಳು. ಆ ನಾಲ್ಕೂ ಎಮ್ಮೆ ಮೇಯುತ್ತಿದ್ದದ್ದು ಹೊಳೆಯಾಚೆಯ ಗಾಯರಾಣದಲ್ಲಿ. ಗಾಯರಾಣ ಎಂದರೆ ಊರ ದನ ಮೇಯಲು ಬಿಟ್ಟ ಹುಲ್ಲುಗಾವಲು. ಯಾರ ಹೊಲವೂ ಅಲ್ಲ, ಎಲ್ಲರದೂ. ನಮ್ಮ ಓಣಿಯ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಹೋಗಿ ಕಾಯುತ್ತಿದ್ದವನು ಪಕ್ಕದ ಮನೆಯ ಖಾಜಾ ಮಾಮಾ. ಅವನ ಅಪ್ಪನೂ ಅದೇ ಮಾಡಿದ್ದ, ಅಜ್ಜನೂ ಅದೇ. ಆ ಹುಲ್ಲು ಹೋದರೆ ಅವ್ವನ ಹಾಲು ಹೋಗುತ್ತಿತ್ತು, ಖಾಜಾ ಮಾಮಾನ ಅನ್ನವೇ ಹೋಗುತ್ತಿತ್ತು. ಇದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ನಾನು ಸಂಶಯದ ಪ್ರಾಣಿ. ಪರೀಕ್ಷೆಯಲ್ಲಿ ಹುಡುಗಿ ಕೆಮ್ಮಿದರೆ ಪಕ್ಕದವಳಿಗೆ ಉತ್ತರ ಹೇಳುತ್ತಿದ್ದಾಳೆ ಎಂದೇ ನನಗನ್ನಿಸುತ್ತಿತ್ತು. ಅಂಗಡಿಯವನು ನಕ್ಕರೆ ತಕ್ಕಡಿ ನೋಡುತ್ತಿದ್ದೆ. ಅವ್ವ ಬೈಯುತ್ತಿದ್ದಳು: "ನೀ ಮದುವಿ ಗಂಡಿಗೂ ಸಂಶಾ ಮಾಡ್ತೀ ನೋಡು, ಮನ್ಯಾಗೇ ಉಳೀತಿ." ಆದರೆ ಆ ವರ್ಷ ಸಂಶಯಪಟ್ಟದ್ದು ನಾನೊಬ್ಬಳೇ ಅಲ್ಲ. ಇಡೀ ಓಣಿಯೇ ಪಟ್ಟಿತು.

ಮೃಗಶಿರಾ ಮಳೆ ಹಿಡಿದ ಹೊತ್ತಿಗೆ ನಮ್ಮ ಹೊರಗಿನ ಕೋಣೆಗೆ ಬಾಡಿಗೆಗೆ ಒಬ್ಬರು ಬಂದರು. ನಂಜುಂಡಯ್ಯ ಎಂದು ಹೆಸರು, ಪೋಸ್ಟ್ ಮಾಸ್ತರ, ಮೈಸೂರು ಕಡೆಯವರು. ಐವತ್ತರ ಆಸುಪಾಸು, ತೆಳ್ಳಗೆ, ಎರಡು ಜೇಬಿನ ಉದ್ದನೆಯ ಕೋಟು. ಹೆಂಡತಿ, ಮಗಳು ಊರಲ್ಲೇ ಉಳಿದಿದ್ದರು. ಅವರ ಮಾತು ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಮಾತು ಅವರಿಗೆ ಕಾಲು ಪಾಲು. "ಅಮ್ಮನವರೇ, ನೀರು ಕಾಯ್ಸೋಕೆ ಒಲೆ ಎಲ್ಲಿ ಹಚ್ಲಿ?" ಎಂದು ಅವರು ಕೇಳಿದರೆ ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಮೊದಲ ವಾರ ನಗುವಿನಲ್ಲೇ ಕಳೆಯಿತು.

ಎರಡನೆಯ ವಾರದಿಂದ ನಗು ನಿಂತಿತು. ಆ ಮನುಷ್ಯ ದಿನಾ ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊಳೆಯ ಕಡೆ ಹೋಗುತ್ತಿದ್ದರು, ಕೈಯಲ್ಲಿ ತಂಬಿಗೆ ಇಲ್ಲದೆ. ನಮ್ಮ ಕಡೆ ಬೆಳಿಗ್ಗೆ ಹೊಳೆದಂಡೆಗೆ ಹೋಗುವ ಗಂಡಸಿನ ಕೈಯಲ್ಲಿ ತಂಬಿಗೆ ಇರಬೇಕು. ತಂಬಿಗೆ ಇದ್ದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಬರಿಗೈಯಲ್ಲಿ ಹೋದವನನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಅವ್ವ ಹಾಲು ಕರೆಯುತ್ತಲೇ ಕೇಳಿದಳು: "ಎಲ್ಲಿಗಿ ಹೊಂಟ್ರಿ ಮಾಸ್ತರ?"

"ಎಲ್ಲಿಗೂ ಇಲ್ಲಮ್ಮ. ಸುಮ್ಮನೆ ಒಂದು ಸುತ್ತು ನಡೆದು ಬರ್ತೀನಿ."

"ಸುಮ್ನ?"

"ಹೌದಮ್ಮ, ಸುಮ್ಮನೆ."

ಅವರು ಗೇಟು ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಸುಮ್ನ ಯಾರ ನಡೀತಾರ? ಕಾಲೇನ್ ಪುಕ್ಕಟ ಬಂದಾವೇನು ಅಂವಗ?" ಆ 'ಸುಮ್ಮನೆ' ಎಂಬ ಒಂದು ಮಾತು ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ನೀರಿಗೆ ಹೋಗುವವರುಂಟು, ಸಂತೆಗೆ ಹೋಗುವವರುಂಟು, ಹೊಲಕ್ಕೆ, ಹೊರಕಡೆಗೆ, ಬೀಗರ ಊರಿಗೆ ಹೋಗುವವರುಂಟು. ಸುಮ್ಮನೆ ಹೋಗುವವರನ್ನು ನಾವು ಕಂಡಿರಲಿಲ್ಲ.

ಆಮೇಲೆ ಒಂದೊಂದೇ ಸೇರುತ್ತ ಹೋಯಿತು. ಅವ್ವ ಕೊಟ್ಟ ಚಹಾವನ್ನು ಅವರು ಒಂದು ಗುಟುಕು ಕುಡಿದು ಇಟ್ಟುಬಿಟ್ಟರು. ಮರುದಿನದಿಂದ, "ನಂಗೆ ಬೇಡಮ್ಮ, ಅಭ್ಯಾಸ ಇಲ್ಲ" ಎಂದರು. ಆದರೆ ಪೋಸ್ಟಾಫೀಸಿನ ಮುಂದಿನ ಹೋಟೆಲಿನಲ್ಲಿ ಕುಡಿಯುತ್ತಾರೆ ಎಂದು ನನಗೆ ಗೊತ್ತಾಯಿತು. ಪಂಚಮಿಗೆ ಅವ್ವ ತಂಬಿಟ್ಟು, ಸೇಂಗಾ ಉಂಡಿ ಕಟ್ಟಿ ತಟ್ಟೆ ತುಂಬ ಕೊಟ್ಟಳು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾಲ್ಕು ದಿನದ ಮೇಲೆ ಕೋಣೆ ಗುಡಿಸಲು ಹೋದಾಗ ಅದೇ ಉಂಡಿ ಗೋಡೆಯ ಮಾಡದಲ್ಲಿ ಇರುವೆ ಮುತ್ತಿಕೊಂಡು ಕುಳಿತಿದ್ದವು. ಅವ್ವನ ಮುಖ ಕಪ್ಪಾಯಿತು. "ನಮ್ಮ ಕೈದು ತಿನ್ನಂಗಿಲ್ಲ ಅಂವ. ಏನ್ ಹಾಕಿ ಕೊಡ್ತೀವಿ ಅಂತ ತಿಳ್ಕೊಂಡಾನ?" ಎಂದಳು. ಆ ದಿನದಿಂದ ಅವಳು ಅವರಿಗೆ ಮಾಸ್ತರ ಎನ್ನುವುದನ್ನು ಬಿಟ್ಟು ಮೈಸೂರಾಂವ ಎನ್ನತೊಡಗಿದಳು.

ಒಂದು ಸಂಜೆ ಖಾಜಾ ಮಾಮಾ ಎಮ್ಮೆ ಕಟ್ಟಿ, ಕೋಲು ಬಾಗಿಲಿಗೆ ಆನಿಸಿ, ಕಟ್ಟೆಯ ಮೇಲೆ ಕುಳಿತ. ಸದಾ ನಗುವ ಮನುಷ್ಯ ಅಂದು ನಗಲಿಲ್ಲ.

"ಅಕ್ಕಾ, ನಿಮ್ಮ ಮನೀ ಕಿರಾಯದಾರ ಅದಾನಲ್ಲ, ಅಂವ ಗಾಯರಾಣದಾಗ ಹೆಜ್ಜಿ ಎಣಸ್ಲಿಕತ್ತಾನ."

ಅವ್ವನ ಕೈಯಲ್ಲಿದ್ದ ಸೇರು ಅಲ್ಲೇ ನಿಂತಿತು. "ಖರೇನು?"

"ಅಲ್ಲಾ ಕಸಮ್. ನನ್ನ ಕಣ್ಣೀಲೇ ನೋಡೀನಿ. ತುಟಿ ಅಲ್ಲಾಡಸ್ತಾನ, ಒಂದ, ಎರಡ. ನಡನಡುವ ಬಲಗಡಿ ಜೇಬಿನಾಗಿಂದ ಏನೋ ತಗದು ಎಡಗಡಿ ಜೇಬಿಗಿ ಹಾಕ್ತಾನ. ಹಾಕಿ ಬುಕ್ಕಿನಾಗ ಬರೀತಾನ. ಇವತ್ತ ನನಗ ಏನ್ ಕೇಳ್ದ ಗೊತ್ತದ? ಎಮ್ಮಿ ಎಷ್ಟ ಅವ ಅಂತ."

"ಹೇಳ್ದ್ಯಾ?"

"ಹೇಳ್ದೆ. ಮುಂಜಾನಿ ಸುಳ್ಳ ಹೇಳಬಾರದಂತ ಹೇಳಿಬಿಟ್ಟೆ. ಇಪ್ಪತ್ತಾರ." ಖಾಜಾ ಮಾಮಾ ಹಣೆ ಹಣೆ ಬಡಿದುಕೊಂಡ.

ಪೇಟೆಯವರಿಗೆ ಇದರಲ್ಲೇನು ಅನ್ನಿಸಬಹುದು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲು ಕೇಳುವ ಮುಂಚೆ ಹೊಲದಲ್ಲಿ ಹೆಜ್ಜೆ ಎಣಿಸಿ ನಡೆಯುತ್ತಾರೆ. ಜಮೀನು ಕೊಳ್ಳಲು ಬಂದವನೂ ಮೊದಲು ಹೆಜ್ಜೆ ಎಣಿಸುತ್ತಾನೆ, ಆಮೇಲೆ ಬಾಯಿ ಬಿಡುತ್ತಾನೆ. ಚಿಕ್ಕವರಿದ್ದಾಗ ಆಟಕ್ಕೆ ಇನ್ನೊಬ್ಬರ ಹೊಲದಲ್ಲಿ ಎಣಿಸುತ್ತ ನಡೆದರೆ ಬೆನ್ನ ಮೇಲೆ ಬೀಳುತ್ತಿತ್ತು. ಮೇಲಾಗಿ ನಮ್ಮದು ಕಲ್ಲಿನ ಸೀಮೆ. ಶಹಾಬಾದಿನ ಕಡೆ ನೆಲಕ್ಕೆ ಹಾಸುವ ಪರಸಿ ಕಲ್ಲು, ವಾಡಿಯ ಕಡೆ ಸಿಮೆಂಟಿನ ಕಲ್ಲು. ನೆಲದ ಮೇಲಿನ ಹುಲ್ಲಿಗಿಂತ ನೆಲದ ಕೆಳಗಿನ ಬಂಡೆಗೆ ಗಿರಾಕಿ ಹೆಚ್ಚು. ವಾಡಿ ಹತ್ತಿರ ಖಾಜಾ ಮಾಮಾನ ಬೀಗರ ಊರಿನಲ್ಲಿ ಮೊದಲು ಒಬ್ಬ ಮನುಷ್ಯ ಬಂದು ಎಣಿಸಿದನಂತೆ, ಆಮೇಲೆ ಸರಪಳಿ ಹಿಡಿದವರು ಬಂದರಂತೆ, ಆಮೇಲೆ ಮೇಯಲು ಜಾಗವೇ ಉಳಿಯಲಿಲ್ಲವಂತೆ. ಈ ಕಥೆ ಕೇಳಿದ ಮೇಲೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಮುಂದಿನ ರವಿವಾರ ನಾನು ಅವರ ಹಿಂದೆ ಹೊರಟೆ. ತಂಬಿಗೆ ಹಿಡಿದುಕೊಂಡೇ ಹೊರಟೆ, ಯಾರೂ ಕೇಳಬಾರದೆಂದು.

ಆ ಹಾದಿಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಆದರೆ ಅಂದು ಮೊದಲ ಸಲ ಅದನ್ನು ಕಣ್ಣಿಟ್ಟು ನೋಡಿದೆ, ಅದೂ ಒಬ್ಬ ಮನುಷ್ಯನ ಬೆನ್ನು ಕಾಯುವ ಸಲುವಾಗಿ. ಮಡಿವಾಳರ ಬಂಡೆಗಳ ಪಕ್ಕದಿಂದ ಹೊಳೆಯ ದಂಡೆ ಹಿಡಿದರೆ ಹಾದಿ ಸಪಾಟಾಗಿ ಬೇವಿನ ಮರದವರೆಗೆ ಹೋಗುತ್ತದೆ. ಅಲ್ಲಿ ನೀರಿನಲ್ಲಿ ಹಾಕಿದ ಪರಸಿ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬೇಕು. ದಾಟಿದರೆ ಸಣ್ಣ ಏರು. ಮುದುಕರೂ ದಮ್ಮು ಹತ್ತದೆ ಏರಬಹುದು. ಮೇಲೆ ಗಾಯರಾಣ. ಆ ವರ್ಷ ಮಳೆ ಚೆನ್ನಾಗಿತ್ತು. ಕರಡದ ಹುಲ್ಲು ಮೊಣಕಾಲಿನವರೆಗೆ ಎದ್ದು ಗಾಳಿಗೆ ಬಾಗುತ್ತಿತ್ತು. ತಂಗಡಿ ಹೂವು ಹಳದಿಯಾಗಿ ಕಾಣುತ್ತಿತ್ತು. ಕಾಲ ಬುಡದಿಂದಲೇ ಗೌಜಲ ಹಕ್ಕಿ ಭರ್ರನೆ ಎದ್ದು ನನ್ನ ಜೀವ ಹಾರಿಸಿತು. ದೂರದಲ್ಲಿ ಮೂರು ಚಿಗರಿ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದವು.

ನಂಜುಂಡಯ್ಯ ತಲೆ ತಗ್ಗಿಸಿ ನಡೆಯುತ್ತಿದ್ದರು. ತುಟಿ ಅಲ್ಲಾಡುತ್ತಿದ್ದದ್ದು ನಿಜ. ಜೇಬಿನಿಂದ ಜೇಬಿಗೆ ಕೈ ಹೋಗುತ್ತಿದ್ದದ್ದೂ ನಿಜ. ದಿಬ್ಬದ ಮೇಲಿನ ಬಂಡೆಯ ಮೇಲೆ ಕುಳಿತು ಪುಸ್ತಕ ತೆಗೆದರು. ನಾನು ಜಾಲಿ ಗಿಡದ ಹಿಂದೆ ಕುಳಿತೆ. ಜಾಲಿಯ ಮುಳ್ಳು ಸೀರೆಗೆ ಸಿಕ್ಕಿ ಪರ್ರನೆ ಹರಿಯಿತು.

"ಬನ್ನಿ ಮೇಷ್ಟ್ರಮ್ಮ" ಎಂದರು ಅವರು, ತಿರುಗಿಯೂ ನೋಡದೆ. "ಹಿಂದೆ ಯಾಕೆ? ಜೊತೆಗೇ ನಡೀಬಹುದಲ್ಲ."

ಮುಖ ಸುಟ್ಟಂತಾಯಿತು. ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ನಿಂತೆ. "ನಾ ನನ್ನ ಕೆಲಸಕ್ಕ ಬಂದೀನ್ರಿ" ಎಂದೆ.

"ಆಗಲಿ. ಒಂದು ಮಾತು ಕೇಳಲಾ? ಈ ಹುಲ್ಲಿಗೆ ನಿಮ್ಮ ಕಡೆ ಏನಂತಾರೆ? ಯಾವ ತಿಂಗಳವರೆಗೆ ಹಸಿರಿರುತ್ತೆ? ಬೇರೆ ಓಣಿಯವರೂ ಇಲ್ಲಿಗೇ ಎಮ್ಮೆ ಹೊಡೀತಾರಾ?"

"ಯಾಕ ಬೇಕು ನಿಮಗದು?"

"ಬರೆದಿಡೋಕೆ."

"ಯಾರಿಗೆ?"

ಅವರು ತುಸು ತಡೆದು ನಕ್ಕರು. "ಬೇಕಾದೋರಿಗೆ" ಎಂದರು.

ಆ ತಡೆದದ್ದೇ ಸಾಕಾಯಿತು ನನಗೆ. ಬೇಕಾದವರು ಎಂದರೆ ಯಾರು? ಈ ಹುಲ್ಲುಗಾವಲು ಬೇಕಾದವರು ಯಾರು? ಮುಂದೆ ಒಂದೇ ಒಂದು ಪ್ರಶ್ನೆ ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾನೆ ಎಂದು ನನ್ನ ಶಾಣ್ಯಾತನ ಹೇಳಿತು. ದಡದಡ ಇಳಿದು ಮನೆಗೆ ಬಂದೆ.

ಭಾದ್ರಪದದಲ್ಲಿ ಹೊಳೆ ತುಂಬಿ ಬಂತು. ಕಲ್ಲುಗಳು ಮುಳುಗಿ ಮೂರು ದಿನ ದಾಟುವಂತಿರಲಿಲ್ಲ. ನಂಜುಂಡಯ್ಯ ಗಾಯರಾಣಕ್ಕೆ ಹೋಗಲಾಗದೆ ಪುಸ್ತಕವನ್ನು ಕೋಣೆಯಲ್ಲೇ ಬಿಟ್ಟು ಪೋಸ್ಟಾಫೀಸಿಗೆ ಹೋದರು. ಮಧ್ಯಾಹ್ನ ನಾನು ಕೋಣೆ ಗುಡಿಸುವ ನೆವದಲ್ಲಿ ಒಳಗೆ ಹೋಗಿ ಅದನ್ನು ಸೆರಗಿನ ಕೆಳಗೆ ತಂದೆ. ಹಿತ್ತಲಲ್ಲಿ ಖಾಜಾ ಮಾಮಾ ಕಾಯುತ್ತಿದ್ದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ನೀನೇ ಓದು ಬೇಟಿ. ದೊಡ್ಡದಾಗಿ ಓದು" ಎಂದ.

ಓದಿದೆ. ಇಂದಿಗೂ ಆ ಅಕ್ಷರ ಕಣ್ಣ ಮುಂದಿದೆ. ದುಂಡಗೆ, ಒತ್ತಾಗಿ, ಪ್ರತಿ ದಿನದ್ದೂ ತಾರೀಖು ಹಾಕಿ ಬರೆದಿದ್ದರು.

"ಮನೆಯಿಂದ ಬೇವಿನ ಮರ, ಎಂಟು ಬೀಜ. ಬೇವಿನ ಮರದಿಂದ ದಿಬ್ಬ, ಏಳು ಬೀಜ. ಇಂದು ಖಾಜಾಮಿಯಾನ ಎಮ್ಮೆ ಇಪ್ಪತ್ತಾರು. ಕೆಳಗಿನ ಓಣಿಯ ದನ ಹದಿನಾಲ್ಕು, ಕುರಿ ಒಂದು ಹಿಂಡು. ಹುಲ್ಲು ಮೊಣಕಾಲಿಗೆ ಬಂದಿದೆ. ದಿಬ್ಬದ ಮೇಲೆ ಕಲ್ಲು ಚೆನ್ನಾಗಿದೆ."

ಪುಟ ಅಲ್ಲಿಗೆ ಮುಗಿದಿತ್ತು. ನಾನು ಮುಂದಿನ ಪುಟ ತಿರುವಲಿಲ್ಲ.

"ಏನಂತ? ಇನ್ನೊಮ್ಮಿ ಓದು" ಎಂದ ಖಾಜಾ ಮಾಮಾ.

"ಕಲ್ಲು ಚಂದ ಅದ ಅಂತ ಬರದಾರ ಮಾಮಾ. ದಿಬ್ಬದ ಮ್ಯಾಲ."

ಅವನು ಅಲ್ಲೇ ಕುಕ್ಕರಿಸಿದ. ಆಮೇಲೆ, "ಮುಗೀತು ಬಿಡು" ಎಂದ. "ಇದು ಟಪಾಲಿಗಿ ಬಿತ್ತಂದ್ರ ನಮ್ಮ ಹೊಟ್ಟಿ ಮ್ಯಾಲ ಕಾಲು ಬಿತ್ತು. ಪೋಸ್ಟು ಅಂವನ ಕೈಯಾಗೇ ಅದ."

ನಾನು ಪುಸ್ತಕ ಹಿಡಿದು ಹೊಳೆಗೆ ನಡೆದೆ. ಅವನು ಹಿಂದೆ ಬಂದ. ಕೆಂಪು ನೀರು ಕಸಕಡ್ಡಿ ಹೊತ್ತು ಸುತ್ತುತ್ತ ಹೋಗುತ್ತಿತ್ತು. ದಂಡೆಯ ಮೇಲೆ ನಿಂತು ಕೈ ಬೀಸಿ ಎಸೆದೆ. ಪುಸ್ತಕ ಒಮ್ಮೆ ತೇಲಿ, ಹಾಳೆ ಬಿಚ್ಚಿ, ಮುಳುಗಿತು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಊರು ಉಳಿಸಿದವಳ ಹಾಗೆ ತಲೆ ಎತ್ತಿಕೊಂಡು ಮನೆಗೆ ಬಂದೆ.

ಸಂಜೆ ನಂಜುಂಡಯ್ಯ ಕೋಣೆಯನ್ನೆಲ್ಲ ಹುಡುಕಿದರು. ಹಾಸಿಗೆ ಝಾಡಿಸಿದರು, ಟ್ರಂಕು ಖಾಲಿ ಮಾಡಿದರು. ಕಡೆಗೆ ಪಡಸಾಲೆಗೆ ಬಂದು ಕೇಳಿದರು: "ಮೇಷ್ಟ್ರಮ್ಮ, ನೀಲಿ ರಟ್ಟಿನ ಪುಸ್ತಕ ಒಂದು ಕಂಡ್ರಾ?"

"ಇಲ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ನಾನು ಮಕ್ಕಳ ಪಾಟಿ ನೋಡುತ್ತಿದ್ದೆ. "ಹೋಗಲಿ ಬಿಡಿ" ಎಂದು ಒಳಗೆ ಹೋದರು.

ಹೊಸ ಪುಸ್ತಕ ಅವರು ತರಲಿಲ್ಲ. ನಡೆಯುವುದನ್ನು ಮಾತ್ರ ಬಿಡಲಿಲ್ಲ. ಹೊಳೆ ಇಳಿದ ಮೇಲೆ ಮತ್ತೆ ಹೋಗತೊಡಗಿದರು, ಬರಿಗೈಯಲ್ಲಿ. ಓಣಿಯಲ್ಲಿ ಯಾರೂ ಅವರಿಗೆ ನಮಸ್ಕಾರ ಹೇಳುತ್ತಿರಲಿಲ್ಲ. ಖಾಜಾ ಮಾಮಾ ಅವರನ್ನು ಕಂಡರೆ ಎಮ್ಮೆ ತಿರುಗಿಸಿಕೊಂಡು ಹೋಗುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವ್ವ, "ಕೋಣಿ ಬೇಕಾಗ್ಯದ ನಮಗ" ಎಂದು ಹೇಳಿಯೂ ಬಿಟ್ಟಳು. "ಸರಿ ಅಮ್ಮನವರೇ, ಹೇಗೂ ವರ್ಗದ ಆರ್ಡರ್ ಬರೋದಿದೆ" ಎಂದರು. ತೊಗರಿ ಕಾಯಿ ಕಟ್ಟುವಾಗ ಆರ್ಡರ್ ಬಂತು.

ಹೊರಡುವ ದಿನ ಸಾಮಾನು ಟಾಂಗಾಕ್ಕೆ ಹಾಕಿಸಿ ಅವ್ವನ ಮುಂದೆ ಬಂದು ನಿಂತರು. ಮುಖದಲ್ಲಿ ಎಂದೂ ಕಾಣದ ಸಡಗರ ಇತ್ತು.

"ಮಗಳಿಗೆ ಗಂಡು ಗೊತ್ತಾಯ್ತಮ್ಮ. ಕಾಗದ ಬಂತು. ಈಗ ಹೇಳಬಹುದು. ನಂಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟೋ ಹಾಗಿಲ್ಲ, ಹೋಟ್ಲಲ್ಲೂ ಸಕ್ಕರೆ ಇಲ್ಲದ ಚಹಾನೇ ಕುಡೀತಿದ್ದೆ, ದಿನಾ ಮೂರು ಸಾವಿರ ಹೆಜ್ಜೆ ನಡೀಲೇಬೇಕು ಅಂದಿದಾರೆ. ಅಪ್ಪನಿಗಿದೆ ಅಂತ ಗೊತ್ತಾದ್ರೆ ಮಗಳಿಗೂ ಬರುತ್ತೆ ಅಂತ ಸಂಬಂಧ ತಪ್ಪುತ್ತೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಿಮ್ಮ ಉಂಡೆ ಹಾಗೇ ಇಟ್ಟಿದ್ದೆ, ಬಿಸಾಕೋಕೆ ಮನಸ್ಸು ಬರಲಿಲ್ಲ. ತಪ್ಪು ತಿಳೀಬೇಡಿ."

ಅವ್ವ ದಡಬಡ ಒಳಗೆ ಹೋಗಿ ಒಲೆ ಹಚ್ಚಿ, ಸಕ್ಕರೆ ಹಾಕದೆ ಚಹಾ ಮಾಡಿ ತಂದಳು. "ಮೊದಲೇ ಹೇಳಬಾರದೇನ್ರಿ ನಮ್ಮಪ್ಪಾ, ಸಪ್ಪನ್ ಚಾ ಮಾಡಾಕ ಏನ್ ದೊಡ್ಡ ಕೆಲಸ" ಎಂದು ಕಣ್ಣೊರೆಸಿಕೊಂಡಳು. ಅವರು ನಿಂತೇ ಕುಡಿದರು, ಪೂರ್ತಿ ಕುಡಿದರು.

ನನ್ನ ಕಡೆ ತಿರುಗಿ ಕೋಟಿನ ಜೇಬಿಗೆ ಕೈ ಹಾಕಿ ಒಂದು ಹಿಡಿ ಹುಣಸೆ ಬೀಜ ತೆಗೆದು ನನ್ನ ಕೈಗೆ ಹಾಕಿದರು. "ನೂರು ಹೆಜ್ಜೆಗೆ ಒಂದು. ಈ ಜೇಬಿನಿಂದ ಆ ಜೇಬಿಗೆ. ಇಲ್ಲಾಂದ್ರೆ ಮರೆತುಹೋಗುತ್ತೆ" ಎಂದರು. ಆಮೇಲೆ, ತುಸು ಸಂಕೋಚದಿಂದ: "ಆ ಪುಸ್ತಕ ಎಲ್ಲಾದ್ರೂ ಸಿಕ್ರೆ ನೀವೇ ಇಟ್ಕೊಳ್ಳಿ. ನನ್ನಂಥ ಕಾಯಿಲೆಯವರು ಈ ಊರಿಗೆ ಬಂದ್ರೆ ಸುಲಭವಾಗಿ ನಡೆಯೋ ದಾರಿ ಯಾವುದು, ಎಷ್ಟು ದೂರ, ಯಾರು ಸಿಗ್ತಾರೆ, ಎಲ್ಲಿ ಕೂರಬಹುದು, ಅಷ್ಟೇ ಬರೆದಿದ್ದು. ದಿಬ್ಬದ ಮೇಲಿನ ಕಲ್ಲು ಚೆನ್ನಾಗಿದೆ, ಕೂತ್ಕೊಳ್ಳೋಕೆ. ಅಮ್ಮನವರನ್ನೂ ಒಂದ್ಸಲ ಕರ್ಕೊಂಡು ಹೋಗಿ."

ಆ ಕ್ಷಣದಲ್ಲಾದರೂ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಟಾಂಗಾ ಸ್ಟೇಶನ್ನಿನ ಕಡೆ ತಿರುಗಿತು. ಬೀಜಗಳನ್ನು ನಾನು ಹಿತ್ತಲಿಗೆ ಎಸೆದೆ, ಅವನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಖಾಜಾ ಮಾಮಾನಿಗೆ ಹೇಳಿದೆ. ಅವನು, "ತೌಬಾ, ತೌಬಾ" ಎಂದು ಎರಡೂ ಕೆನ್ನೆ ಮುಟ್ಟಿಕೊಂಡ. ಮರುದಿನ ಬೆಳಿಗ್ಗೆ ಆ ಬಂಡೆಯ ಮೇಲೆ ತಾನೂ ಕುಳಿತು ನೋಡಿದನಂತೆ. "ಖರೇನೇ ಚಂದ ಅದ, ಬೆನ್ನಿಗೆ ಆಸರಾ ಸಿಗ್ತದ" ಎಂದು ಬಂದು ಹೇಳಿದ.

ಇಲ್ಲಿಗೆ ಮುಗಿದಿದ್ದರೆ ಇದು ನಾಚಿಕೆಯ ಕಥೆಯಾಗಿ ಉಳಿಯುತ್ತಿತ್ತು, ನಾನೂ ಎಂದೋ ಮರೆತು ಬಿಡುತ್ತಿದ್ದೆ.

ಏಳೆಂಟು ವರ್ಷಗಳ ಮೇಲೆ ಗಾಯರಾಣವನ್ನು ಸುಣ್ಣಕಲ್ಲಿನ ಖಣಿಗೆ ಕೊಡುವ ಮಾತು ಎದ್ದಿತು. ಈ ಸಲ ಯಾರೂ ಬಂದು ಹೆಜ್ಜೆ ಎಣಿಸಲಿಲ್ಲ. ಎಲ್ಲ ನಕ್ಷೆಯ ಮೇಲೇ ನಡೆಯಿತು. ಊರವರ ತಕರಾರು ಏನಿದ್ದರೂ ಹೇಳಿ ಎಂದು ಸಾಹೇಬರೊಬ್ಬರು ಚಾವಡಿಗೆ ಬಂದು ಕುಳಿತರು. ಒಳ್ಳೆಯ ಮನುಷ್ಯರೇ. ಎಲ್ಲರಿಗೂ ಕುಂದ್ರಿ ಎಂದರು. ಕಾಗದ ತೆಗೆದು ಓದಿದರು: ಈ ನಂಬರಿನ ಭೂಮಿ ಖರಾಬ್, ಯಾರ ಉಪಯೋಗದಲ್ಲೂ ಇಲ್ಲ.

ಖಾಜಾ ಮಾಮಾ ಎದ್ದು ನಿಂತ. ಗಡ್ಡ ಬೆಳ್ಳಗಾಗಿತ್ತು. "ಖರಾಬ್ ಅಂದ್ರ ಏನ್ ಸಾಹೇಬ್ರ? ಎಲ್ಲಿ ಖರಾಬ್ ಆಗ್ಯದ? ಬಂದು ಹುಲ್ಲ ನೋಡ್ರಿ."

"ಹಂಗಲ್ಲಪ್ಪ. ಖರಾಬ್ ಅಂದ್ರ ಬೆಳಿ ಇಲ್ಲದ್ದು. ಕಾಗದದಾಗ ಹಂಗ ಅದ."

"ಬೆಳಿ ಇಲ್ಲ, ಹುಲ್ಲ ಅದ. ನಮ್ಮಪ್ಪ ಎಮ್ಮಿ ಕಾದಾನ, ನಮ್ಮಜ್ಜ ಕಾದಾನ."

"ನಾ ನಂಬ್ತೀನಿ" ಎಂದರು ಸಾಹೇಬರು. "ಆದ್ರ ಬಾಯಿಮಾತು ನಾ ಹೆಂಗ ಮ್ಯಾಲ ಕಳಸ್ಲಿ? ಬರದದ್ದು ಏನರ ಅದ ಏನು? ಹಳೇದು, ತಾರೀಖು ಹಾಕಿದ್ದು. ದನ ಮೇಯ್ತಿದ್ವು, ಮಂದಿ ಹೋಗಿಬಂದು ಮಾಡ್ತಿದ್ರು ಅಂತ, ಯಾರರ ಹೊರಗಿನವರು ಬರದಿಟ್ಟದ್ದು. ಒಂದ ಹಾಳಿ ಇದ್ರೂ ಹಚ್ಚಿ ಕಳಸ್ತೀನಿ."

ಖಾಜಾ ಮಾಮಾ ನಿಧಾನವಾಗಿ ತಿರುಗಿ ಹೆಂಗಸರ ಕಡೆ ನೋಡಿದ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ದಿನ ದಿನದ್ದೂ ಇತ್ತು ಆ ನೀಲಿ ಪುಸ್ತಕದಲ್ಲಿ. ಇಪ್ಪತ್ತಾರು ಎಮ್ಮೆ, ಹದಿನಾಲ್ಕು ದನ, ಒಂದು ಹಿಂಡು ಕುರಿ, ಮೊಣಕಾಲಿನ ಹುಲ್ಲು. ಸರಕಾರದ ನೌಕರ, ಊರಿಗೆ ಸಂಬಂಧವಿಲ್ಲದ ಮೈಸೂರಿನವನು ಬರೆದದ್ದು.

ನಾನು ಎದ್ದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಸಾಹೇಬರ ಕಡೆ ತಿರುಗಿದ.

"ಬರದಿದ್ರು ಸಾಹೇಬ್ರ" ಎಂದ. "ಹೊಳಿ ಒಯ್ತು."

ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವಂಥದ್ದೂ ಅಲ್ಲ. ಪುಸ್ತಕ ಇದ್ದಿದ್ದರೆ ಗಾಯರಾಣ ಉಳಿಯುತ್ತಿತ್ತೇ ಎಂದರೆ ನಾನು ಹೇಳಲಾರೆ. ಉಳಿಯದೆಯೂ ಹೋಗಬಹುದಿತ್ತು. ಆದರೆ ಕೇಳಿದಾಗ ಕೊಡಲು ನಮ್ಮ ಕೈಯಲ್ಲಿ ಒಂದು ಹಾಳೆ ಇರಬಹುದಿತ್ತು. ಯಾರೂ ನಮಗೆ ಮೋಸ ಮಾಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಗುವುದು. ಗಾಯರಾಣಕ್ಕೆ ಬೇಲಿ ಹಾಕಿದ ವರ್ಷ ಅವ್ವ ಎಮ್ಮೆ ಮಾರಿದಳು. ಖಾಜಾ ಮಾಮಾ ವಾಡಿಗೆ ಮಗಳ ಮನೆಗೆ ಹೋದ. ರೈಲಿನ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಹೇಳಿ ಕಳಿಸಿದ್ದ. ಪುಸ್ತಕವನ್ನು ಹೊಳೆಗೆ ಎಸೆದವರು ಯಾರೆಂದು ಸಾಯುವವರೆಗೆ ಯಾರ ಮುಂದೆಯೂ ಅವನು ಬಾಯಿ ಬಿಡಲಿಲ್ಲ. ನಂಜುಂಡಯ್ಯನವರಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕುಳಿತೆ. ಅವರ ವಿಳಾಸವನ್ನೂ ನಾನು ಕೇಳಿರಲಿಲ್ಲ.

ಹೋದ ಶ್ರಾವಣ, ಆ ಬೇಲಿಯ ಪಕ್ಕ, ನಾನು ಹೆಜ್ಜೆ ಎಣಿಸುತ್ತಿದ್ದೆ. ನೂರಕ್ಕೊಂದು ಬೀಜವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಎಡಗೈಗೆ ಹಾಕಿಕೊಂಡು, ಸಣ್ಣ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬೇಲಿಯೊಳಗೆ ತಗ್ಗಿನ ಅಂಚು ಹಿಡಿದು ಖಾಕಿ ಅಂಗಿಯ ಕಾವಲುಗಾರ ಬಂದ. ಐವತ್ತು ದಾಟಿದವನು, ಕೈಯಲ್ಲಿ ಬೆತ್ತ. ತುಸು ಹೊತ್ತು ನಿಂತು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಅದು ನನ್ನದೇ.

"ಯಾರ್ರಿ ಯವ್ವಾ ನೀವು? ಏನ್ ಎಣಸ್ಲಿಕತ್ತೀರಿ?"

ಸುಮ್ಮನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಸಕ್ಕರಿ ಬಂದದಪ್ಪ ನನಗ. ಅದಕ್ಕ ನಡೀಲಿಕತ್ತೀನಿ" ಎಂದೆ.

"ಮತ್ತ ಆ ಬುಕ್ಕಿನಾಗ ಏನ್ ಬರೀಲಿಕತ್ತೀರಿ?"

ಕೇಳಿಬಿಟ್ಟನಲ್ಲ ಎಂದು ನನಗೆ ಅಳು ಬಂತು. ಮುಖಕ್ಕೆ ಮುಖ ಕೊಟ್ಟು ಕೇಳಿಬಿಟ್ಟ. ಬೇಲಿಯ ತಂತಿಯ ನಡುವೆ ಕೈ ತೂರಿಸಿ ಪುಸ್ತಕವನ್ನು ಅವನ ಕೈಗೆ ಕೊಟ್ಟೆ.

"ಓದು" ಎಂದೆ. "ಹಾಳಿ ತಿರುವಿ, ಪೂರಾ ಓದು."